ಅಪ್ಪ ಕೊಟ್ಟ ಒಂದು ವರ್ಷ



ನಮ್ಮ ಸಂಘದ ಪತ್ರಿಕೆಯಲ್ಲಿ ನನ್ನಂಥ ಗೃಹಿಣಿಯರು ನಿಮಗೆಂದು ಬರೆಯುವುದು ಸಾಮಾನ್ಯವಾಗಿ ಮೂರೇ ವಿಷಯ. ಹಬ್ಬದ ಅಡುಗೆ, ಅಜ್ಜಿಯ ಮನೆಮದ್ದು, ಇಲ್ಲವೇ 'ಮನೆಯಲ್ಲಿ ಕನ್ನಡ ಮಾತಾಡಿ' ಎಂಬ ಬುದ್ಧಿವಾದ. ಅವನ್ನು ನೀವು ಬೇಕಾದಷ್ಟು ಓದಿದ್ದೀರಿ. ಓದದೆ ಪುಟ ತಿರುವಿದ್ದೂ ಉಂಟು, ನನಗೆ ಗೊತ್ತು! ಈ ಸಲ ನಾನು ಬರೆಯುವುದು ಕಾರಿನ ವಿಷಯ. ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಇವತ್ತಿಗೂ ತಡವರಿಸುವ ಈ ಆಂಟಿಗೆ ಕಾರಿನ ಉಸಾಬರಿ ಏಕೆ ಎಂದು ನಗಬೇಡಿ. ಕೊನೆಯವರೆಗೆ ಓದಿ, ಆಮೇಲೆ ನಕ್ಕರಾಯಿತು.

2019ರ ಮೇ ತಿಂಗಳು. ಮುಂಬಯಿಯಿಂದ ಊರಿಗೆ ಕಾರಿನಲ್ಲಿ ಹೊರಟಿದ್ದೆವು. ನಮ್ಮವರಿಗೆ ಬೆನ್ನುನೋವು, ಹಿಂದಿನ ಸೀಟಿನಲ್ಲಿ ದಿಂಬು ಇಟ್ಟುಕೊಂಡು ಮಲಗಿದ್ದರು. ಕಾರು ಓಡಿಸುತ್ತಿದ್ದವಳು ಮಗಳು. ನಾನು ಪಕ್ಕದ ಸೀಟಿನಲ್ಲಿ. ಮದುವೆಯಾಗಿ ಇಪ್ಪತ್ತೈದು ವರ್ಷಗಳಿಂದ ನನ್ನ ಜಾಗ ಅದೇ. ಟೋಲಿಗೆ ಚಿಲ್ಲರೆ ತೆಗೆದುಕೊಡುವುದು, ನೀರಿನ ಬಾಟಲಿಯ ಮುಚ್ಚಳ ಬಿಚ್ಚಿ ಕೊಡುವುದು, ಮುಂದೆ ಬರುವ ತಿರುವನ್ನು ಕೂಗಿ ಹೇಳುವುದು ನನ್ನ ಉದ್ಯೋಗ. ಕಶೇಡಿ ಘಾಟಿ ಹತ್ತುವಾಗಲೂ ಶುರು ಮಾಡಿದೆ: "ಎಡಕ್ಕೆ ತಿರುವು. ಲಾರಿ ಬರ್ತಾ ಉಂಟು. ನಿಧಾನ, ನಿಧಾನ."

ಮಗಳು ಸಿಡುಕಲಿಲ್ಲ, ನಕ್ಕಳು. "ಅಮ್ಮ, ನೀನು ಥೇಟ್ ಫ್ಯಾಬ್ರಿಜಿಯಾ ಪೋನ್ಸ್!"

"ಅದ್ಯಾರು? ನಿನ್ನ ಆಫೀಸಿನವಳಾ?"

"ಅಲ್ಲಮ್ಮ, ಮಿಶೆಲ್ ಮೂತೋನ್ ಅಂತ ಒಬ್ಬಳು ರ್ಯಾಲಿ ಡ್ರೈವರ್ ಇದ್ದಳು. ಅವಳ ಪಕ್ಕದ ಸೀಟಿನವಳು."

ರ್ಯಾಲಿ ಎಂದರೆ ಮುಂಬಯಿಯವರಾದ ನಮಗೆ ಆಜಾದ್ ಮೈದಾನದ ಸಭೆಯೂ ಬಾವುಟಗಳೂ ನೆನಪಾಗುತ್ತವೆ. ಘಾಟಿ ಇಳಿದು ಚಿಪ್ಳೂಣ್ ದಾಟುವವರೆಗೂ ಮಗಳು ನನಗೆ ಅದರ ಅರ್ಥ ಬಿಡಿಸಿ ಹೇಳಿದಳು. ರ್ಯಾಲಿಯ ಕಾರುಗಳು ಮೈದಾನದ ಸುತ್ತ ಒಂದರ ಹಿಂದೊಂದು ಗಿರಕಿ ಹೊಡೆಯುವುದಿಲ್ಲ. ನಮ್ಮ ಘಾಟಿಯಂಥದೇ ರಸ್ತೆ, ಕಾಡಿನ ಮಣ್ಣುದಾರಿ, ಹಿಮ ಬಿದ್ದ ಬೆಟ್ಟದ ದಾರಿ ಇವನ್ನು ಸ್ವಲ್ಪ ಹೊತ್ತು ಜನಸಂಚಾರಕ್ಕೆ ಮುಚ್ಚಿ, ಒಂದೊಂದೇ ಕಾರನ್ನು ನಡುವೆ ಅಂತರ ಕೊಟ್ಟು ಬಿಡುತ್ತಾರೆ. ಓಟ ಗಡಿಯಾರದ ಜೊತೆ. ಹಲವು ದಿನ, ಹಲವು ತುಂಡು ರಸ್ತೆ. ಎಲ್ಲ ಸಮಯವನ್ನೂ ಕೂಡಿಸಿದಾಗ ಯಾರದು ಕಡಿಮೆಯೋ ಅವರು ಗೆದ್ದರು. ಪ್ರತಿ ಕಾರಿನಲ್ಲೂ ಇಬ್ಬರು. ಇಬ್ಬರೂ ಸ್ಪರ್ಧೆಗೆ ಮೊದಲೇ ಆ ದಾರಿಯಲ್ಲಿ ಹೋಗಿ, ಯಾವ ತಿರುವು ಎಷ್ಟು ಕಡಿದು, ಎಲ್ಲಿ ದಿಣ್ಣೆ, ಎಲ್ಲಿ ಕಲ್ಲು ಎಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಓಟದಲ್ಲಿ ಪಕ್ಕದವರು ಅದನ್ನು ಓದಿ ಹೇಳುತ್ತಾರೆ, ಓಡಿಸುವವರು ಕಣ್ಣಿಗೆ ಕಾಣದ ತಿರುವನ್ನೂ ಆ ಮಾತನ್ನು ನಂಬಿ ಹೊಕ್ಕುತ್ತಾರೆ. ಒಂದು ಸಾಲು ತಪ್ಪಿ ಓದಿದರೆ ಕಾರು ಕಂದಕಕ್ಕೆ.

ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ತಟ್ಟನೆ ಜೇನ್ ಆಸ್ಟಿನ್‌ಳ 'ಪರ್ಸುವೇಷನ್' ನೆನಪಾಯಿತು. ಅದರಲ್ಲಿ ಅಡ್ಮಿರಲ್ ಕ್ರಾಫ್ಟ್ ಕುದುರೆಗಾಡಿ ಓಡಿಸುತ್ತಾನೆ. ಕಂಬಕ್ಕೆ ಇನ್ನೇನು ತಾಗಬೇಕು ಅನ್ನುವಾಗ ಪಕ್ಕದಲ್ಲಿ ಕೂತ ಹೆಂಡತಿ ತಣ್ಣಗೆ ಲಗಾಮನ್ನು ಸರಿಯಾದ ಕಡೆಗೆ ಎಳೆದುಬಿಡುತ್ತಾಳೆ. ಪಕ್ಕದ ಸೀಟು ಸಣ್ಣದಲ್ಲ ಎಂದು ನನ್ನ ಮನಸ್ಸಿಗೆ ಸಮಾಧಾನವಾಯಿತು. ಆದರೆ ಮಿಶೆಲ್‌ಳ ಕಥೆ ಶುರುವಾಗುವುದೇ ಅವಳು ಆ ಸೀಟನ್ನು ಬಿಟ್ಟು ಎದ್ದಾಗ.

ಮಿಶೆಲ್ ಹುಟ್ಟಿದ್ದು 1951ರಲ್ಲಿ, ಫ್ರಾನ್ಸಿನ ದಕ್ಷಿಣದ ಗ್ರಾಸ್ ಎಂಬ ಊರಿನಲ್ಲಿ. ಅತ್ತರಿಗೆ ಹೆಸರಾದ ಊರು ಅದು. ಅವಳ ತಂದೆತಾಯಿಗೆ ಗುಲಾಬಿ ಮತ್ತು ಮಲ್ಲಿಗೆಯ ದೊಡ್ಡ ತೋಟಗಳಿದ್ದವು. ಇದನ್ನು ಓದಿದಾಗ ನನ್ನ ಮೈ ಜುಮ್ಮೆಂದಿತು. ಏಕೆಂದರೆ ನನ್ನ ತವರು ಉಡುಪಿ ಹತ್ತಿರದ ಶಂಕರಪುರದ ಕಡೆ. ನಾನೂ ಮಲ್ಲಿಗೆ ಗಿಡಗಳ ನಡುವೆಯೇ ಬೆಳೆದವಳು. ಅವರದು ನಾವು ಜಾಜಿ ಅನ್ನುವ ಜಾತಿ, ನಮ್ಮದು ಉಡುಪಿ ಮಲ್ಲಿಗೆ. ಅಲ್ಲಿನ ಹೂವು ಅತ್ತರಿನ ಕಾರ್ಖಾನೆಗೆ ಹೋಗುತ್ತದೆ, ನಮ್ಮ ಹೂವು ಬಾಳೆನಾರಿನಲ್ಲಿ ಚೆಂಡು ಚೆಂಡಾಗಿ ಕಟ್ಟಿಸಿಕೊಂಡು ಮುಂಬಯಿಯ ಬಸ್ಸು ಹತ್ತುತ್ತದೆ. ಆದರೆ ಬೆಳಕು ಹರಿಯುವಾಗಲೇ ಎದ್ದು ಕೊಯ್ಯುವ ಕಷ್ಟ ಎರಡು ಕಡೆಯೂ ಒಂದೇ.

ಹದಿನಾಲ್ಕನೇ ವಯಸ್ಸಿಗೇ ಮಿಶೆಲ್ ಅಪ್ಪನ ಪುಟ್ಟ ಸಿಟ್ರೊಯೆನ್ ಕಾರನ್ನು ಓಡಿಸುತ್ತಿದ್ದಳಂತೆ. ಹಾಗೆಂದು ಸ್ಪರ್ಧೆಯ ಹುಚ್ಚೇನೂ ಇರಲಿಲ್ಲ. 1972ರಲ್ಲಿ ಸ್ನೇಹಿತನೊಬ್ಬ ರ್ಯಾಲಿಯ ಅಭ್ಯಾಸಕ್ಕೆ ಪಕ್ಕದಲ್ಲಿ ಕೂತು ನೋಟ್ಸ್ ಓದಲು ಕರೆದ. ಮರುವರ್ಷ, 1973ರಲ್ಲಿ, ವಿಶ್ವ ರ್ಯಾಲಿ ಚಾಂಪಿಯನ್‌ಷಿಪ್ ಎಂಬುದು ಹೊಸದಾಗಿ ಆರಂಭವಾಯಿತು. ಅದರ ಮೊತ್ತಮೊದಲ ಸ್ಪರ್ಧೆ ಮಾಂಟೆ ಕಾರ್ಲೊ ರ್ಯಾಲಿ. ಅದರಲ್ಲೂ ಅವಳು ಪಕ್ಕದ ಸೀಟಿನಲ್ಲಿದ್ದಳು.

ಆಗ ಅವಳ ತಂದೆ ಪಿಯೆರ್ ಒಂದು ಮಾತು ಹೇಳಿದರು. ಎರಡನೇ ಮಹಾಯುದ್ಧದಲ್ಲಿ ಐದು ವರ್ಷ ಯುದ್ಧಕೈದಿಯಾಗಿದ್ದವರು ಅವರು. ವೇಗದ ಕಾರುಗಳೆಂದರೆ ಪ್ರಾಣ. ಈ ಆಟದಲ್ಲಿ ಇರಬೇಕೆಂದಿದ್ದರೆ ಪಕ್ಕದಲ್ಲಿ ಕೂರಬೇಡ, ನೀನೇ ಓಡಿಸು. ಕಾರು ನಾನು ಕೊಡಿಸುತ್ತೇನೆ, ಒಂದು ವರ್ಷದ ಖರ್ಚು ನನ್ನದು. ಆ ವರ್ಷದಲ್ಲಿ ನಿನ್ನ ಕೈಲಾಗುತ್ತದೆ ಎಂದು ತೋರಿಸು ಎಂಬುದು ಅವರ ಮಾತಿನ ತಾತ್ಪರ್ಯ. ಇದು ಮುದ್ದಿನ ಮಗಳಿಗೆ ಕೊಟ್ಟ ಆಟಿಕೆಯಲ್ಲ ಎಂಬುದನ್ನು ಗಮನಿಸಿ. ಇದೊಂದು ಕರಾರು. ಹಣಕ್ಕೆ ಮಿತಿ ಇತ್ತು, ಕಾಲಕ್ಕೆ ಗಡುವು ಇತ್ತು, ಗಡುವು ಮುಗಿದ ಮೇಲೆ ಲೆಕ್ಕ ಒಪ್ಪಿಸುವ ಜವಾಬ್ದಾರಿಯೂ ಇತ್ತು.

ಅವಳು ಲೆಕ್ಕ ಒಪ್ಪಿಸಿದ ರೀತಿ ನೋಡಿ. ಆಲ್ಪೈನ್ ರೆನೋ ಎಂಬ ಸಣ್ಣ ಕಾರಿನಲ್ಲಿ 1974ರಲ್ಲಿ ಫ್ರಾನ್ಸಿನ ಮಹಿಳಾ ಚಾಂಪಿಯನ್ ಆದಳು. ಅದೇ ವರ್ಷ ಕಾರ್ಸಿಕಾ ದ್ವೀಪದ ಕಠಿಣ ರ್ಯಾಲಿಯಲ್ಲಿ ಗಂಡಸರ ಸಾಲಿನಲ್ಲೇ ಹನ್ನೆರಡನೆಯವಳಾದಳು. ಕೂಡಲೇ ಗುಸುಗುಸು ಎದ್ದಿತು: ಹುಡುಗಿ ಇಷ್ಟು ಬೇಗ ಓಡಿಸುವುದು ಸಾಧ್ಯವೇ, ಎಂಜಿನ್‌ನಲ್ಲೇ ಏನೋ ಮೋಸವಿರಬೇಕು! ಪರಿಶೀಲನೆಯೂ ನಡೆಯಿತು. ಎಂಜಿನ್ ನೆಟ್ಟಗೇ ಇತ್ತು. ಹೆಣ್ಣುಮಕ್ಕಳೇ, ನೀವು ಆಫೀಸಿನಲ್ಲೋ ಕಾಲೇಜಿನಲ್ಲೋ ಒಂದು ಹೆಜ್ಜೆ ಮುಂದೆ ಹೋದಾಗ "ಅವಳಿಗೆ ಯಾರದೋ ಸಹಾಯ ಇರಬೇಕು" ಎಂಬ ಮಾತು ಕಿವಿಗೆ ಬಿದ್ದರೆ ಈ ಎಂಜಿನ್ ನೆನಪು ಮಾಡಿಕೊಳ್ಳಿ. 1975ರಲ್ಲಿ ಫ್ರಾನ್ಸಿನ ಪ್ರಸಿದ್ಧ ಲೆ ಮಾನ್ 24 ಗಂಟೆಗಳ ಓಟದಲ್ಲಿ ಅವಳೂ ಇನ್ನಿಬ್ಬರು ಹೆಂಗಸರೂ ಸೇರಿ ಎರಡು ಲೀಟರ್ ಎಂಜಿನ್‌ನ ವಿಭಾಗವನ್ನು ಗೆದ್ದರು.

1981ಕ್ಕೆ ಜರ್ಮನಿಯ ಆಡಿ ಕಂಪನಿ ಅವಳನ್ನು ತನ್ನ ತಂಡಕ್ಕೆ ಸೇರಿಸಿಕೊಂಡಿತು. ಅವರ ಕ್ವಾಟ್ರೊ ಕಾರು ಆಗ ಹೊಸದು. ನಾಲ್ಕೂ ಚಕ್ರಗಳಿಗೆ ಎಂಜಿನ್‌ನ ಬಲ ಹೋಗುವಂಥದ್ದು. ಕೆಸರು, ಹಿಮ, ಜಲ್ಲಿ ಯಾವುದಿದ್ದರೂ ನೆಲ ಹಿಡಿದು ಓಡುತ್ತಿತ್ತು. ಪಕ್ಕದ ಸೀಟಿಗೆ ಇಟಲಿಯ ಫ್ಯಾಬ್ರಿಜಿಯಾ ಪೋನ್ಸ್ ಬಂದಳು. ಆ ಅಕ್ಟೋಬರ್‌ನಲ್ಲಿ ಇಟಲಿಯ ಸಾನ್‌ರೆಮೊ ರ್ಯಾಲಿ. ಡಾಂಬರು, ಜಲ್ಲಿ ಎರಡೂ ಇದ್ದ ದಾರಿ. ಕೊನೆಯ ಹಂತಕ್ಕೆ ಹೋಗುವಾಗ ಮಿಶೆಲ್ ಮುಂದೆ. ಬೆನ್ನಿಗೇ ಫಿನ್ಲೆಂಡಿನ ಆರಿ ವಾತನೆನ್, ಆ ವರ್ಷ ವಿಶ್ವ ಚಾಂಪಿಯನ್ ಆದವನು. ಬೆನ್ನಟ್ಟುವ ಭರದಲ್ಲಿ ಅವನ ಕಾರಿಗೆ ಪೆಟ್ಟಾಗಿ ಅವನು ಹಿಂದೆ ಬಿದ್ದ. ಇವಳು ಎಡವಲಿಲ್ಲ. ವಿಶ್ವ ರ್ಯಾಲಿ ಚಾಂಪಿಯನ್‌ಷಿಪ್‌ನ ಒಂದು ಸ್ಪರ್ಧೆಯನ್ನು ಚಾಲಕಿಯಾಗಿ ಗೆದ್ದ ಮೊದಲ ಮಹಿಳೆ ಮಿಶೆಲ್. ಪಕ್ಕದಲ್ಲಿದ್ದವಳೂ ಮಹಿಳೆಯೇ. ಆ ಅಕ್ಟೋಬರ್‌ನಲ್ಲಿ ನಾನು ಹನ್ನೊಂದು ವರ್ಷದ ಹುಡುಗಿ, ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದೆ. ಅಂಗಳದಲ್ಲಿ ಅಪ್ಪಯ್ಯ ಅಣ್ಣನಿಗೆ ಸ್ಕೂಟರ್ ಕಲಿಸುತ್ತಿದ್ದರು. ನನಗೂ ಕಲಿಸಿ ಎಂದು ಕೇಳಬೇಕೆಂದೇ ನನಗೆ ಹೊಳೆದಿರಲಿಲ್ಲ.

1982 ಅವಳ ಬಾಳಿನ ದೊಡ್ಡ ವರ್ಷ. ಆರಂಭ ಕೆಟ್ಟದಾಗಿತ್ತು, ಮಾಂಟೆ ಕಾರ್ಲೊದಲ್ಲಿ ಕಾರು ಮನೆಯೊಂದರ ಗೋಡೆಗೆ ಬಡಿದು ಮೊಣಕಾಲಿಗೆ ಗಾಯವಾಯಿತು. ಆಮೇಲೆ ಪೋರ್ಚುಗಲ್ ಗೆದ್ದಳು, ಗ್ರೀಸಿನ ಅಕ್ರೊಪೊಲಿಸ್ ಗೆದ್ದಳು, ಬ್ರೆಜಿಲ್ ಗೆದ್ದಳು. ಇಡೀ ವರ್ಷದ ವಿಶ್ವ ಪಟ್ಟಕ್ಕೆ ಉಳಿದವರು ಇಬ್ಬರೇ ಎಂಬಂತಾಯಿತು: ಜರ್ಮನಿಯ ವಾಲ್ಟರ್ ರೋರ್ಲ್ ಮತ್ತು ಗ್ರಾಸ್‌ನ ಹೂತೋಟದ ಈ ಹುಡುಗಿ. ಮುಂದಿನ ಸ್ಪರ್ಧೆ ಆಫ್ರಿಕದ ಐವರಿ ಕೋಸ್ಟ್‌ನಲ್ಲಿ, ಸುಮಾರು ಐದು ಸಾವಿರ ಕಿಲೋಮೀಟರ್ ಕಾಡುದಾರಿ.

ರ್ಯಾಲಿ ಹೊರಡುವ ದಿನ ಅವಳಿಗೆ ಸುದ್ದಿ ಬಂತು. ಕ್ಯಾನ್ಸರ್ ಆಗಿದ್ದ ಅಪ್ಪ ತೀರಿಕೊಂಡಿದ್ದರು. ಕಾರು ಕೊಡಿಸಿದ ಅಪ್ಪ, ಒಂದು ವರ್ಷ ಕೊಟ್ಟ ಅಪ್ಪ. ಅವಳಿಗೆ ಊರಿಗೆ ಹೊರಟುಬಿಡುವ ಮನಸ್ಸು. ಆದರೆ ತಾಯಿ ತಡೆದರು. ನೀನು ಓಡಿಸಬೇಕೆಂಬುದೇ ಅಪ್ಪನ ಆಸೆಯಾಗಿತ್ತು ಎಂದರು. ಅವಳು ಹೆಲ್ಮೆಟ್ ಹಾಕಿ ಕೂತಳು. ಓಡಿಸಿದಳು ಹೇಗೆ ಅನ್ನುತ್ತೀರಿ! ಅರ್ಧ ದಾರಿಯಲ್ಲಿ ರೋರ್ಲ್‌ಗಿಂತ ಒಂದು ಗಂಟೆಗೂ ಹೆಚ್ಚು ಮುಂದಿದ್ದಳು. ಆಮೇಲೆ ಗೇರ್ ಪೆಟ್ಟಿಗೆ ಕೈಕೊಟ್ಟಿತು, ದುರಸ್ತಿಯಲ್ಲಿ ಮುನ್ನಡೆಯೆಲ್ಲ ಕರಗಿತು. ಕೊನೆಗೆ ಮಂಜು ಕವಿದ ದಾರಿಯಲ್ಲಿ ಕಾರು ಮಗುಚಿತು. ಅವಳ ಓಟ ಅಲ್ಲಿಗೆ ನಿಂತಿತು. ರ್ಯಾಲಿಯೂ ವಿಶ್ವ ಪಟ್ಟವೂ ರೋರ್ಲ್‌ಗೆ ಹೋದವು. ವರ್ಷದ ಕೊನೆಯ ಲೆಕ್ಕ 109ಕ್ಕೆ 97. ಇವಳು ಎರಡನೆಯವಳು. ಅಪ್ಪ ಹೋದ ದಿನಗಳಲ್ಲಿ ಅವಳಿಗೆ ಆ ಹನ್ನೆರಡು ಅಂಕಗಳು ಎಷ್ಟು ದೊಡ್ಡವಾಗಿ ಕಂಡಿದ್ದಾವು? ಬಹುಶಃ ಏನೂ ಅಲ್ಲ. ಕೇಳುತ್ತಾ ಕೂತ ನನಗೇ ರತ್ನಾಗಿರಿಯ ರಸ್ತೆ ಮಂಜಾಗಿ ಕಂಡಿತು. ಹಿಂದಿನ ಸೀಟಿನಿಂದ ನಮ್ಮವರು, ನಿದ್ರೆ ಮಾಡಿದ್ದಾರೆಂದು ನಾವು ತಿಳಿದಿದ್ದವರು, "ಪಾಪ, ಆ ಮಗು" ಎಂದರು.

ಮುಂದಿನದನ್ನು ಬೇಗ ಹೇಳುತ್ತೇನೆ. 1985ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ಓಟವನ್ನು, ನಾಲ್ಕು ಸಾವಿರದ ಮುನ್ನೂರು ಮೀಟರ್ ಎತ್ತರದ ತುದಿಯವರೆಗಿನ ಮಣ್ಣುದಾರಿಯನ್ನು, 11 ನಿಮಿಷ 25.39 ಸೆಕೆಂಡಿನಲ್ಲಿ ಹತ್ತಿ ಗೆದ್ದಳು; ಅಲ್ಲಿಯವರೆಗೆ ಯಾವ ಗಂಡಸೂ ಅಷ್ಟು ಬೇಗ ಹತ್ತಿರಲಿಲ್ಲ. 1986ರಲ್ಲಿ ಪ್ಯೂಜೊ ಕಾರಿನಲ್ಲಿ ಜರ್ಮನಿಯ ರಾಷ್ಟ್ರೀಯ ರ್ಯಾಲಿ ಪಟ್ಟ ಗೆದ್ದಳು. ಅದೇ ವರ್ಷ ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಎಂಬ ಚಾಲಕನೂ ಅವನ ಜೊತೆಗಾರನೂ ಅಪಘಾತದಲ್ಲಿ ತೀರಿಕೊಂಡರು. ಅಂಥ ಅತಿ ಬಲದ ಕಾರುಗಳನ್ನೇ ನಿಷೇಧಿಸಲಾಯಿತು. ಮಿಶೆಲ್ ಆ ವರ್ಷದ ಕೊನೆಗೆ ನಿವೃತ್ತಳಾದಳು, ಮರುವರ್ಷ ಮಗಳ ತಾಯಿಯಾದಳು. ಮುಂದೆ ಜಾಗತಿಕ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್.ಐ.ಎ. ಮಹಿಳೆಯರಿಗಾಗಿ ಆಯೋಗ ರಚಿಸಿದಾಗ ಅದರ ಮೊದಲ ಅಧ್ಯಕ್ಷೆಯೂ ಅವಳೇ. ಅವಳಂತೆ ವಿಶ್ವ ರ್ಯಾಲಿಯನ್ನು ಚಾಲಕಿಯಾಗಿ ಗೆದ್ದ ಇನ್ನೊಬ್ಬ ಹೆಣ್ಣು 2024ರವರೆಗೂ ಬಂದಿಲ್ಲ. ಪಕ್ಕದ ಸೀಟಿನಿಂದ ಗೆದ್ದವರುಂಟು. ಪೋನ್ಸ್ 1997ರಲ್ಲಿ ಇಟಲಿಯ ಪಿಯೆರೊ ಲಿಯಾಟಿಯ ಜೊತೆ ಮಾಂಟೆ ಕಾರ್ಲೊ ಗೆದ್ದಳು. 2022ರಲ್ಲಿ ಅದೇ ರ್ಯಾಲಿಯನ್ನು ಸೆಬಾಸ್ಟಿಯನ್ ಲೋಬ್ ಜೊತೆ ಗೆದ್ದ ಇಸಾಬೆಲ್ ಗಾಲ್ಮಿಶ್ ಶಾಲೆಯಲ್ಲಿ ಗಣಿತ ಕಲಿಸುವ ಟೀಚರು!

ಇನ್ನು ನನ್ನ ತಪ್ಪೊಪ್ಪಿಗೆ. ಇದನ್ನು ಹೇಳಲೆಂದೇ ಇಷ್ಟೆಲ್ಲ ಬರೆದೆ.

ಈ ಕಥೆಯೆಲ್ಲ ನನ್ನ ಮಗಳಿಗೆ ಇಷ್ಟು ವಿವರವಾಗಿ ಹೇಗೆ ಗೊತ್ತು ಎಂದು ನೀವು ಕೇಳಲಿಲ್ಲ. 2017ರಲ್ಲಿ ಡಿಗ್ರಿ ಮುಗಿಸಿದಾಗ ಅವಳು ನಮ್ಮ ಮುಂದೆ ಕೂತು ಒಂದೇ ಒಂದು ವರ್ಷ ಕೇಳಿದ್ದಳು. ಕೊಯಮತ್ತೂರಿಗೆ ಹೋಗಿ ಸ್ಪರ್ಧೆಯ ಕಾರು ಓಡಿಸುವ ತರಬೇತಿ ಪಡೆಯುತ್ತೇನೆ, ಆಗದಿದ್ದರೆ ಮರಳಿ ಬಂದು ಕೆಲಸ ಹುಡುಕುತ್ತೇನೆ ಎಂದಿದ್ದಳು. ಖರ್ಚಿನ ಲೆಕ್ಕ ಬರೆದ ಹಾಳೆಯನ್ನೂ ತಂದಿದ್ದಳು. ನಮ್ಮವರು ನನ್ನ ಮುಖ ನೋಡಿದರು. ನಾನು ಆ ಹಾಳೆಯನ್ನು ನೋಡಲೇ ಇಲ್ಲ. ಕೈಯಲ್ಲಿ ಕೆಲಸದ ಪತ್ರ ಉಂಟು, ಅದನ್ನು ಬಿಡುವುದಾ? ಕೈಕಾಲು ಮುರಿದರೆ ಮದುವೆ ಹೇಗೆ? ಊರಿನವರು ಏನು ಹೇಳಿಯಾರು? ಇಷ್ಟು ಮೂರು ಪ್ರಶ್ನೆ ಕೇಳಿ ಒಲೆಯ ಮೇಲಿನ ಸಾರು ನೋಡಲು ಎದ್ದು ಹೋದೆ. ಅವಳು ವಾದ ಮಾಡಲಿಲ್ಲ. ಮರುವಾರ ಕೆಲಸಕ್ಕೆ ಸೇರಿದಳು. ಆ ಘಾಟಿ ಪ್ರಯಾಣದಲ್ಲೂ ಕಥೆ ಹೇಳಿದಳೇ ಹೊರತು ಒಂದು ಆಕ್ಷೇಪದ ಮಾತಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಅದೇ 2019ರ ಆಗಸ್ಟ್‌ನಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಬಂತು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಎಂಬ ಹುಡುಗಿ ಬೈಕ್ ರ್ಯಾಲಿಯಲ್ಲಿ, ಎಫ್.ಐ.ಎಂ. ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದಿದ್ದಳು. ಮೋಟಾರು ಕ್ರೀಡೆಯಲ್ಲಿ ವಿಶ್ವ ಪಟ್ಟ ಪಡೆದ ಮೊದಲ ಭಾರತೀಯಳು. ಹಿಂದಿನ ವರ್ಷ ಸ್ಪೇನಿನಲ್ಲಿ ಬಿದ್ದು ಅವಳ ಮೇದೋಜೀರಕ ಗ್ರಂಥಿಯೇ ಹರಿದಿತ್ತಂತೆ. ನಾನು ಆ ಪೇಪರನ್ನು ಮಡಚಿ ಕಪಾಟಿನಲ್ಲಿಡಲು ಹೋದಾಗ, ಡ್ರಾಯರಿನ ತಳದಲ್ಲಿ ಮಗಳ ಆ ಲೆಕ್ಕದ ಹಾಳೆ ಸಿಕ್ಕಿತು. ಎರಡು ವರ್ಷ ತಡವಾಗಿ ಓದಿದೆ. ಊಟ, ರೂಮು, ಫೀಸು, ವಿಮೆ ಎಲ್ಲವನ್ನೂ ರೂಪಾಯಿ ಲೆಕ್ಕದಲ್ಲಿ ಬರೆದಿದ್ದಳು. ಕೊನೆಯ ಸಾಲಿನಲ್ಲಿ 'ಅಮ್ಮನಿಗೆ ದಿನಾ ಫೋನ್' ಎಂದಿತ್ತು. ಅದರ ಮುಂದೆ ಮೊತ್ತ ಬರೆದಿರಲಿಲ್ಲ.

ನನ್ನ ಹೆದರಿಕೆ ಸುಳ್ಳು ಎಂದು ನಾನು ಹೇಳುವುದಿಲ್ಲ. ಟೊಯ್ವೊನೆನ್ ಸತ್ತದ್ದು ನಿಜ, ಐಶ್ವರ್ಯಾಳ ಗಾಯವೂ ನಿಜ. ಆದರೆ ಹೆದರಿಕೆ ಇದ್ದವರೂ ಹಾಳೆಯನ್ನು ಓದಬಹುದಿತ್ತು. ಮಕ್ಕಳೇ, ನಿಮ್ಮ ತಂದೆತಾಯಿ ಏಕೆ ಹೀಗೆ ಎಂದು ನಿಮಗೆ ಅನ್ನಿಸುವುದು ಸಹಜ. ನನ್ನ ಮಾವ ಹದಿನಾಲ್ಕನೇ ವಯಸ್ಸಿಗೆ ಯಾರಿಗೂ ಹೇಳದೆ ಊರು ಬಿಟ್ಟು ಮುಂಬಯಿಗೆ ಬಂದು, ಮಾಟುಂಗದ ಹೋಟೆಲಿನಲ್ಲಿ ಕಪ್ಪು ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಅವರಿಗೆ ಯಾರೂ ವರ್ಷ ಕೊಟ್ಟವರಿಲ್ಲ, ಅವರೇ ಕಸಿದುಕೊಂಡರು. ಅಷ್ಟು ಅಪಾಯದಲ್ಲಿ ಕಟ್ಟಿದ ಮನೆಯಲ್ಲಿ ಕೂತು ನಾವು ಮಕ್ಕಳಿಗೆ ಯಾವ ಅಪಾಯವೂ ಬೇಡ ಅನ್ನುತ್ತೇವೆ. ವಿಚಿತ್ರವೇ ಸರಿ, ಆದರೆ ಪ್ರೀತಿಯಿಂದಲೇ ಅನ್ನುತ್ತೇವೆ.

ಆದ್ದರಿಂದ ಕೇಳುವುದನ್ನು ನಿಲ್ಲಿಸಬೇಡಿ. ನಿಮಗೆ ಬೇಕಾದದ್ದು ಕಾರೇ ಆಗಬೇಕೆಂದಿಲ್ಲ. ಯಕ್ಷಗಾನವೋ, ಸಿನಿಮಾವೋ, ಊರಿನ ಗದ್ದೆಯೋ ಆಗಬಹುದು. 'ನನ್ನ ಇಷ್ಟ' ಎಂದು ಬಾಗಿಲು ಬಡಿದುಕೊಂಡು ಹೋಗಬೇಡಿ. ಗಡುವು ಇಟ್ಟು, ಲೆಕ್ಕ ಬರೆದು ಕೇಳಿ. ಅಮ್ಮ ಸಾರು ನೋಡಲು ಎದ್ದು ಹೋದರೆ ಅಡುಗೆಮನೆಗೂ ಹಾಳೆ ಹಿಡಿದುಕೊಂಡು ಹೋಗಿ. ಸಣ್ಣದಾಗಿ ಶುರು ಮಾಡುವ ದಾರಿಗಳೂ ಉಂಟು. ನಮ್ಮ ಮುಂಬಯಿಯಲ್ಲೇ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಹೆಂಗಸರಿಗಾಗಿ ಆಂಬಿ ವ್ಯಾಲಿಯವರೆಗೆ ರ್ಯಾಲಿ ನಡೆಸಿದ್ದಿದೆ. ಅಂಥವುಗಳಲ್ಲಿ ಬೇಕಾದದ್ದು ಗಾಳಿಯ ವೇಗವಲ್ಲ. ಹೇಳಿದ ವೇಗದಲ್ಲಿ, ಹೇಳಿದ ಹೊತ್ತಿಗೆ ತಲುಪುವ ಶಿಸ್ತು.

ಮೊನ್ನೆ ಧೈರ್ಯ ಮಾಡಿ ಮಗಳನ್ನು ಕೇಳಿದೆ: "ಆ ಒಂದು ವರ್ಷ, ಈಗ ಕೊಟ್ಟರೆ ತಗೊಳ್ತೀಯಾ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇಡೀ ವರ್ಷ ಈಗ ಆಗ್ಲಿಕ್ಕಿಲ್ಲ ಅಮ್ಮ, ಕೆಲಸ ಉಂಟಲ್ಲ. ಆಂಬಿ ವ್ಯಾಲಿಯಂಥದ್ದು ಒಂದಕ್ಕೆ ಹೆಸರು ಕೊಡ್ಬಹುದು. ಆದ್ರೆ ಪಕ್ಕದ ಸೀಟಿಗೆ ಯಾರಾದ್ರೂ ಬೇಕು. ಲೆಕ್ಕ ಗೊತ್ತಿರುವವರು, ಗಟ್ಟಿ ಗಂಟಲಿನವರು."

ನನ್ನ ಗಂಟಲಿನ ವಿಷಯ ನಮ್ಮ ಕಟ್ಟಡದ ನಾಲ್ಕೂ ಮಹಡಿಯವರಿಗೆ ಗೊತ್ತುಂಟು. ಒಂದು ಹೊಸ ನೋಟ್ ಪುಸ್ತಕ ತಂದಿಟ್ಟಿದ್ದೇನೆ.